ಆನೆ ಹೆದರಿಸುವ ಪೆಟ್ಟಿಗೆ

ದುಬಾರೆ ಕಡೆಯ ನಮ್ಮೂರಿನಲ್ಲಿ ಹೆದರುವವನಿಗೆ ಯಾವ ಕೊರತೆಯೂ ಇಲ್ಲ. ಗದ್ದೆಯಾಚೆ ಕಾಡಾನೆ, ಗದ್ದೆಯೀಚೆ ನನ್ನ ಧರ್ಮಪತ್ನಿ ವನಜಮ್ಮ. (ಆನೆಯಾದರೆ ದಿನಾ ಬರುವುದಿಲ್ಲ.)

ಆನೆ ತಡೆಯುವ ಸೋಲಾರ್ ಬೇಲಿಗೆ ಕರೆಂಟ್ ಹರಿಸುವ ಝಟ್ಕಾ ಮೆಷಿನ್ ಕೆಟ್ಟಿತ್ತು. ಹೊಸದು ತರಲು ವನಜಮ್ಮ ಹಣ ಕೊಟ್ಟು ನನ್ನನ್ನು ಕುಶಾಲನಗರಕ್ಕೆ ಅಟ್ಟಿದಳು. ಅಲ್ಲಿ ಆರ್ಕೆಸ್ಟ್ರಾ ಸುನಿಲ ತನ್ನ ಹಳೆಯ ಆಡಿಯೋ ಇಂಟರ್‌ಫೇಸನ್ನು ಮಾರಲು ಇಟ್ಟಿದ್ದ. ಪುಟ್ಟ ಪೆಟ್ಟಿಗೆ, ಒಂದು ಕಡೆ ಮೈಕು, ಇನ್ನೊಂದು ಕಡೆ ಮೊಬೈಲು ಸಿಕ್ಕಿಸಿದರೆ ಮನೆಯೇ ಸ್ಟುಡಿಯೋ!

“ಅಣ್ಣ, ನಿಮ್ಮ ಗಂಟಲಿಗೆ ಇದೊಂದೇ ಕಮ್ಮಿ ಇದ್ದಿದ್ದು,” ಎಂದ.

ಬಚ್ಚಲುಮನೆಯಲ್ಲಿ ಸೆರೆಯಾಗಿದ್ದ ನನ್ನ ಗಾನಗಂಗೆ ಕಟ್ಟೆಯೊಡೆಯಿತು. ಮೈಕು, ಹೆಡ್‌ಫೋನ್ ಸಮೇತ ಕೊಂಡೇಬಿಟ್ಟೆ. ಬಸ್ಸಿಳಿಯುವ ಹೊತ್ತಿಗೆ ವನಜಮ್ಮನಿಗೆ ಹೇಳಲು ಒಂದು ಸುಳ್ಳನ್ನೂ ಹೊಸೆದಿಟ್ಟುಕೊಂಡಿದ್ದೆ.

“ಬೇಲಿ ಮೆಷಿನ್ ಎಲ್ರೀ?”

“ಇದೇ ಕಣೇ. ಹೊಸ ನಮೂನೆ. ಗಂಡಸಿನ ಧ್ವನಿ ತುಂಬ್ಸಿ ಸ್ಪೀಕರಲ್ಲಿ ಹಾಕಿದ್ರೆ ಆನೆ ದಿಕ್ಕಾಪಾಲು!”

ಅವಳು ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಗಂಡಸನ್ನ ಎಲ್ಲಿಂದ ತರ್ತೀರಿ?”

“ನಾನಿಲ್ವಾ?”

“ಸರಿ, ಗದ್ದೆ ಬದೀಗೆ ಹೋಗಿ ತುಂಬ್ಸಿ. ಇಲ್ಲಿ ಕೂಗಿದ್ರೆ ಹಸು ಹಾಲು ಬಿಡಲ್ಲ. ಆನೆ ಓಡ್ಲಿಲ್ಲ ಅಂದ್ರೆ ನಾಳೆಯಿಂದ ಬೇಲಿ ಬದ್ಲು ನೀವೇ ನಿಲ್ಲೋದು!”

ಸಂಜೆ ಗದ್ದೆ ಬದುವಿನಲ್ಲಿ ಕಾಡಿಗೆ ಬೆನ್ನು ಹಾಕಿ, ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಹೆಡ್‌ಫೋನ್ ಕಿರೀಟ ಧರಿಸಿ, ಕಣ್ಣು ಮುಚ್ಚಿ ಆಲಾಪಿಸಿದೆ. ಆಹಾ! ನನ್ನ ರಾಗದ ಅಡಿಯಲ್ಲಿ ಎಂಥದೋ ಗಂಭೀರ ಶ್ರುತಿ, ಭೂಮಿಯೇ ತಂಬೂರಿ ಮೀಟಿದಂತೆ. ಸುನಿಲನ ಪೆಟ್ಟಿಗೆಯ ಮಹಿಮೆ! ಅದನ್ನು ಇನ್ನಷ್ಟು ಸವಿಯಲು ಧ್ವನಿ ಏರಿಸುವ ಬಿರಡೆ ತಿರುಗಿಸಿದೆ. ಕಣ್ಣು ಬಿಟ್ಟು ಹಾಡು ನಿಲ್ಲಿಸಿದೆ. ಶ್ರುತಿ ನಿಲ್ಲಲಿಲ್ಲ. ಧ್ವನಿ ಜೋರಾದರೆ ಹೊತ್ತಿಕೊಳ್ಳುವ ಕೆಂಪು ದೀಪ, ಬಾಯಿ ಮುಚ್ಚಿದವನ ಮುಂದೆ ಧಗಧಗ ಉರಿಯುತ್ತಿತ್ತು. ಹಿಂಗತ್ತಿಗೆ ಬಿಸಿಯುಸಿರು ತಾಗಿತು.

ತಿರುಗಿದೆ. ಎದುರಿಗೆ ಸೊಂಡಿಲು.

ಆಗ ನನ್ನಿಂದ ಹೊರಟ ಸ್ವರ ಯಾವ ಸಪ್ತಕದ್ದೋ ತಿಳಿಯದು. ಆನೆ ಬೆಚ್ಚಿ ಹೊಳೆಯತ್ತ ಓಡಿತು. ನಾನು ಮನೆಯತ್ತ ಓಡಿದೆ. ನಮ್ಮಿಬ್ಬರಲ್ಲಿ ಯಾರ ವೇಗ ಹೆಚ್ಚೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಮಾರನೆಯ ದಿನ ವನಜಮ್ಮ, ಆನೆ ಓಡಿಸಿದ್ದು ಇದೇ ಎಂದು, ನನ್ನ ಕಿರುಚಾಟದ ರೆಕಾರ್ಡಿಂಗ್ ಸಮೇತ ಪೆಟ್ಟಿಗೆಯನ್ನು ಪಕ್ಕದ ತೋಟದ ಮೊಣ್ಣಪ್ಪನಿಗೆ ಮಾರಿದಳು. ನಾನು ಕೊಟ್ಟದ್ದಕ್ಕಿಂತ ಹೆಚ್ಚಿಗೆ! ಬಂದ ದುಡ್ಡಲ್ಲಿ ಅಸಲಿ ಝಟ್ಕಾ ಮೆಷಿನ್ ತರಿಸಿದಳು. ಪೆಟ್ಟಿಗೆ ಹಾಡಿನದೆಂದು ಸುನಿಲ ನಾನು ಕೊಂಡ ದಿನವೇ ಫೋನಿನಲ್ಲಿ ಅವಳಿಗೆ ಹೇಳಿದ್ದನಂತೆ.

ರೆಕಾರ್ಡಿಂಗ್ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಈಗ ಮುಸ್ಸಂಜೆಯಾದರೆ ಸುತ್ತಲಿನ ತೋಟಗಳ ಸ್ಪೀಕರುಗಳಲ್ಲಿ ನನ್ನ ಆರ್ತನಾದ ಮೊಳಗುತ್ತದೆ. ಊರಿಗೆ ಊರೇ ಕೇಳುತ್ತದೆ. ಕಲಾವಿದನಿಗೆ ಇನ್ನೇನು ಬೇಕು? ಆದರೂ ಆಸೆ ಬಿಡದೆ ಕೇಳಿದೆ:

“ಮೊಣ್ಣಪ್ಪ, ಕಿರುಚೋದಕ್ಕೆ ಮುಂಚೆ ಹಾಡಿದ್ದೂ ಆ ರೆಕಾರ್ಡಿಂಗಲ್ಲಿದೆ. ಅದನ್ನೂ ಒಂದ್ಸಲ ಹಾಕಿ ನೋಡಿ.”

ಅವನು ಬಾಯಿ ತೆರೆಯುವ ಮೊದಲೇ ವನಜಮ್ಮ ಅಂದಳು: “ಬೇಡ ಮೊಣ್ಣಪ್ಪಣ್ಣ. ಪಾಪ, ಆನೆಗಳ ಜೊತೆ ಮರಿಗಳೂ ಇರ್ತಾವೆ.”