ಶೆಡ್ಡಿಗಾಗಿ ತಗ್ಗಿದ ಪಿಕಪ್

ತೊಂದರೆ ಇದ್ದದ್ದು ಬರೀ ನಾಲ್ಕು ಬೆರಳಿನಷ್ಟು. ಪಿಕಪ್ ಗಾಡಿಯ ನೆತ್ತಿ ಶೆಡ್ಡಿನ ಮಾಡು ಹೊತ್ತ ಕಬ್ಬಿಣದ ತೊಲೆಗಿಂತ ನಾಲ್ಕು ಬೆರಳು ಎತ್ತರವಿತ್ತು. ಗಡಿಯಾರ ರಿಪೇರಿಯವನು ಮೂರು ವಾರದಿಂದ ಅದನ್ನು ಕಂಡೂ ಕಾಣದವನ ಹಾಗೆ ಓಡಾಡಿಕೊಂಡಿದ್ದ.

ಬೀದಿಯವರೆಲ್ಲ ಅವನನ್ನು ಮುಳ್ಳಣ್ಣ ಎನ್ನುತ್ತಿದ್ದರು. ಆಳು ಸೆಕೆಂಡಿನ ಮುಳ್ಳಿನ ಹಾಗೆ ಸಣಕಲು. ಅದರ ಹಾಗೆಯೇ ದಿನವಿಡೀ ಓಡಿ ಕೊನೆಗೆ ಹೊರಟ ಜಾಗಕ್ಕೇ ಬಂದು ಮುಟ್ಟುವವನು. ಗಾಡಿ ಅವನ ಸೋದರಮಾವನದು. ಐವತ್ತು ವರ್ಷದ ಹಿಂದಿನ ಹಸಿರು ಪಿಕಪ್. ಎರಡು ದುಂಡು ದೀಪ, ಉಬ್ಬಿದ ಕೆನ್ನೆಯಂಥ ಮಡ್‌ಗಾರ್ಡು. ಮಾವ ಅದರಲ್ಲಿ ನಲವತ್ತು ವರ್ಷ ಜನರ ಮಂಚ, ಬೀರು ಸಾಗಿಸಿದ್ದರು. ಈಗ ಕಣ್ಣು ಮಂಜಾಗಿ, ಗಾಡಿಯನ್ನು ಅಳಿಯನ ಬಳಿ ಬಿಟ್ಟಿದ್ದರು. ಅದನ್ನು ಅವನ ಹೆಸರಿಗೆ ಮಾಡುವ ಕಾಗದಕ್ಕೆ ಮಾತ್ರ ಇನ್ನೂ ಸಹಿ ಹಾಕಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಮಾವನ ಫೋನ್ ಬಂತು.

"ಶೆಡ್ ಒಳಗೇ ಇಟ್ಟಿದೀಯ ತಾನೆ ಅಳಿಯ?"

ಮುಳ್ಳಣ್ಣ ಕಿಟಕಿಯಾಚೆ ನೋಡಿದ. ಗಾಡಿ ಬೀದಿಯಲ್ಲಿ, ಬಿಸಿಲಲ್ಲಿ, ಎರಡು ಬೆಕ್ಕುಗಳನ್ನು ಬಾನೆಟ್ ಮೇಲೆ ಮಲಗಿಸಿಕೊಂಡು ನಿಂತಿತ್ತು.

"ಒಳಗೇ ಮಾವ. ಮಗು ಮಲಗಿದ ಹಾಗೆ ಮಲಗಿದೆ."

"ಒಳ್ಳೇದಾಯ್ತು. ಸಂಜೆ ಐದಕ್ಕೆ ಕಾಗದ ಹಿಡ್ಕೊಂಡೇ ಬರ್ತೀನಿ. ಆದ್ರೆ ನೋಡು, ಅದು ಬೀದೀಲಿ ನಿಂತಿದ್ದು ಕಂಡ್ರೆ ಬಂದ ಕಾಲಲ್ಲೇ ವಾಪಸ್ ಓಡಿಸ್ಕೊಂಡು ಹೋಗ್ತೀನಿ. ತುಕ್ಕು ಹಿಡಿಯೋಕೆ ಕೊಟ್ಟಿಲ್ಲ ನಿಂಗೆ."

ಕಣ್ಣು ಮಂಜಾದವರು ಹೇಗೆ ಓಡಿಸುತ್ತೀರಿ ಎಂದು ಕೇಳುವ ಧೈರ್ಯ ಮುಳ್ಳಣ್ಣನಿಗಾಗಲಿಲ್ಲ.

"ಶೆಡ್ ಎತ್ತರಿಸೋಕೆ ಒಂದು ದಿನ ಸಾಲಲ್ಲ. ನಿಜ ಹೇಳ್ಬಿಡಿ," ಎಂದಳು ಹೆಂಡತಿ.

"ಶೆಡ್ ಯಾಕೆ ಎತ್ತರಿಸ್ಬೇಕು? ಗಾಡಿನೇ ತಗ್ಗಿಸ್ತೀನಿ."

"ತಗ್ಗಿಸೋಕೆ ಅದೇನು ಪ್ಯಾಂಟಾ?"

ಪ್ಯಾಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎದುರುಮನೆಯ ಟೈಲರ್ ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಬಂದುಬಿಟ್ಟ. ವಿಷಯ ತಿಳಿದು ಗಾಡಿಯನ್ನೊಮ್ಮೆ, ತೊಲೆಯನ್ನೊಮ್ಮೆ ಅಳೆದ. "ಮೂರು ಇಂಚು ಒಳಗೆ ಮಡಚಿದ್ರೆ ಸರಿಹೋಗುತ್ತೆ," ಎಂದು ತೀರ್ಪು ಕೊಟ್ಟ. ಅವನ ಹಿಂದೆ ನಿವೃತ್ತ ಹೆಡ್‌ಮೇಷ್ಟ್ರು ಬಂದರು. ಅವರ ಹಿಂದೆ ಪಂಕ್ಚರ್ ಅಂಗಡಿಯವನು ಎರಡು ಜಾಕ್ ಹೊತ್ತುಕೊಂಡು ಬಂದ. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಮಲಗಲು ಹೊರಟಿದ್ದ ನರ್ಸಮ್ಮ ಕೂಡ, "ಯಾರಿಗಾದ್ರೂ ಏಟು ಬೀಳೋದು ಖಂಡಿತ, ಇಲ್ಲೇ ಇರ್ತೀನಿ," ಎಂದು ಕುರ್ಚಿ ಹಾಕಿಸಿಕೊಂಡು ಕೂತರು.

ಮುಳ್ಳಣ್ಣ ಗಾಡಿಯನ್ನು ಅಂಗಳಕ್ಕೆ ತಂದು, ಹಿಂಭಾಗವನ್ನು ಜಾಕಿನ ಮೇಲೆ ನಿಲ್ಲಿಸಿ, ಗೋಣಿಚೀಲ ಹಾಸಿ ಅಡಿಗೆ ತೆವಳಿದ. ಅಭ್ಯಾಸಬಲದಿಂದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಹೋಗಿದ್ದ. ಒಳಗೆ ಹೋದವನು ಎಷ್ಟು ಹೊತ್ತಾದರೂ ಸದ್ದೇ ಮಾಡಲಿಲ್ಲ.

"ಏನಯ್ಯ, ನಿದ್ದೆ ಹೋದ್ಯಾ?" ಎಂದರು ಹೆಡ್‌ಮೇಷ್ಟ್ರು.

ಅವನು ನಿದ್ದೆ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷ ಅವನು ನೋಡಿದ್ದೆಲ್ಲ ಕೂದಲೆಳೆಯಂಥ ಸ್ಪ್ರಿಂಗು. ಜೋರಾಗಿ ಉಸಿರುಬಿಟ್ಟರೆ ಹಾರಿಹೋಗುವಂಥದ್ದು. ಇಲ್ಲಿ ಅವನ ಮೂಗಿನ ಮೇಲೆಯೇ ತೋಳಿನಷ್ಟು ದಪ್ಪದ ಸ್ಪ್ರಿಂಗಿನ ಕಟ್ಟು ಬಿಲ್ಲಿನ ಹಾಗೆ ಬಾಗಿ ನಿಂತಿತ್ತು. ಒಂದರ ಮೇಲೊಂದು ಎಂಟು ಉಕ್ಕಿನ ಪ್ಲೇಟು. ಎಲ್ಲಕ್ಕೂ ಮೇಲಿನದು ಉದ್ದ, ಕೆಳಕೆಳಗೆ ಬಂದ ಹಾಗೆ ಗಿಡ್ಡ. ನಲವತ್ತು ವರ್ಷದ ಬೀರು, ಮಂಚ, ಹೊಲಿಗೆ ಯಂತ್ರ, ಯಾರು ಯಾರದೋ ಹೊಸ ಸಂಸಾರದ ಪಾತ್ರೆಪಗಡೆ ಎಲ್ಲ ಇದರ ಬೆನ್ನ ಮೇಲೆ ಹೋಗಿತ್ತು.

"ಇದೂ ಸ್ಪ್ರಿಂಗೇ ಕಣ್ರೀ," ಎಂದ ಅಲ್ಲಿಂದಲೇ, ಪಿಸುಮಾತಿನಲ್ಲಿ.

"ಇನ್ನೇನು ಶಾವಿಗೆ ಅಂದ್ಕೊಂಡಿದ್ರಾ?" ಎಂದಳು ಹೆಂಡತಿ.

ಉಪಾಯ ಸರಳವಾಗಿತ್ತು. ಪ್ರತಿ ಚಕ್ರದ ಕಟ್ಟಿನಿಂದ ಮೂರು ಮೂರು ಪ್ಲೇಟು ತೆಗೆದರೆ ಗಾಡಿ ತಾನಾಗಿ ತಗ್ಗುತ್ತದೆ. ಕಟ್ಟನ್ನು ಬಿಗಿದಿದ್ದ ಬೋಲ್ಟುಗಳಿಗೆ ಮಾತ್ರ ಈ ಉಪಾಯ ಒಪ್ಪಿಗೆಯಾಗಲಿಲ್ಲ. ಸ್ಪಾನರ್ ಹಾಕಿ ಮುಳ್ಳಣ್ಣ ನೇತಾಡಿದ. ಬೋಲ್ಟು ಅಲ್ಲಾಡಲಿಲ್ಲ, ಅವನು ಅಲ್ಲಾಡಿದ. ಸ್ಪಾನರಿಗೆ ಉದ್ದದ ಪೈಪು ಸಿಕ್ಕಿಸಿ ಪಂಕ್ಚರ್ ಅಂಗಡಿಯವನೂ ಕೈಹಾಕಿದ. ಹೆಡ್‌ಮೇಷ್ಟ್ರು "ಎಡಕ್ಕೆ! ಎಡಕ್ಕೆ!" ಎಂದರೆ ಟೈಲರ್ "ಬಲಕ್ಕೆ!" ಎಂದು ಕೂಗುತ್ತಿದ್ದ. ಇಬ್ಬರೂ ಎದುರುಬದುರು ನಿಂತದ್ದರಿಂದ ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಇದ್ದಕ್ಕಿದ್ದಂತೆ ಬೋಲ್ಟು ಬಂದೂಕಿನ ಸದ್ದು ಮಾಡಿ ಸಡಿಲವಾಯಿತು. ಪೈಪು ಹಾರಿ ಅಂಗಳದ ನಲ್ಲಿಗೆ ಬಡಿಯಿತು, ನಲ್ಲಿಯ ತಲೆ ಕಳಚಿತು, ನೀರು ನೇರವಾಗಿ ಹೆಡ್‌ಮೇಷ್ಟ್ರ ಬಿಳಿ ಅಂಗಿಗೆ ಚಿಮ್ಮಿತು.

"ಯಾರಿಗೂ ಏಟಾಗಿಲ್ಲ," ಎಂದು ನರ್ಸಮ್ಮ ಸ್ವಲ್ಪ ನಿರಾಸೆಯಿಂದಲೇ ಹೇಳಿದರು.

ಹೆಂಡತಿ ನಲ್ಲಿಯ ಬಾಯಿಗೆ ಚಿಂದಿ ತುರುಕಿ ಬರುವಷ್ಟರಲ್ಲಿ ಮೊದಲ ಕಟ್ಟು ಹೊರಬಂದಿತ್ತು. ಅದನ್ನು ಬಿಚ್ಚಿ, ಪ್ಲೇಟುಗಳನ್ನು ಸಾಲಾಗಿ ನೆಲದ ಮೇಲೆ ಇಟ್ಟರು. ಹೊರಮೈ ಎಲ್ಲ ಕೆಸರು, ತುಕ್ಕು. ಮುಳ್ಳಣ್ಣ ಒಂದು ಪ್ಲೇಟಿನ ಒಳಮೈಯನ್ನು ಬಟ್ಟೆಯಿಂದ ಒರೆಸಿದ. ಅದು ಕನ್ನಡಿಯ ಹಾಗೆ ಹೊಳೆಯಿತು. ಐವತ್ತು ವರ್ಷ ಪಕ್ಕದ ಪ್ಲೇಟಿನ ಮೈಗೆ ಉಜ್ಜಿ ಉಜ್ಜಿ ಬಂದ ಹೊಳಪು. ಯಾರ ಕಣ್ಣಿಗೂ ಬೀಳದೆ ಒಳಗೇ ಇದ್ದದ್ದು. ಅದರಲ್ಲಿ ಅವನ ಮುಖ ಕಂಡಿತು, ಹಿಂದೆ ಬಗ್ಗಿದ್ದ ಟೈಲರ್ ಮುಖ ಕಂಡಿತು.

ಹೆಡ್‌ಮೇಷ್ಟ್ರು ಒದ್ದೆ ಅಂಗಿಯಲ್ಲೇ ಬಗ್ಗಿ ಬೆರಳಿನಿಂದ ಅದನ್ನು ಮುಟ್ಟಿದರು.

"ಎಷ್ಟು ಭಾರ ಹೊತ್ತಿರಬಹುದು ಇದು," ಎಂದರು.

"ನಮ್ಮ ಮನೆ ಬೀರುನೂ ಇದರಲ್ಲೇ ಬಂದಿದ್ದು," ಎಂದರು ನರ್ಸಮ್ಮ. ಅಂದಿನವರೆಗೆ ಅವರಿಗೇ ಅದು ನೆನಪಿರಲಿಲ್ಲ.

ಅಲ್ಲಿಂದ ಮುಂದೆ ಗದ್ದಲ ತಾನಾಗಿ ಅಡಗಿತು. ಆಪರೇಷನ್ ಕೋಣೆಯ ಹಾಗೆ ಕೆಲಸ ನಡೆಯಿತು. ಕೇಳಿದ ಸ್ಪಾನರನ್ನು ನರ್ಸಮ್ಮ ಅಂಗೈಗೆ ತಟ್ಟಿ ಕೊಡುತ್ತಿದ್ದರು. ಎರಡನೆಯ ಕಟ್ಟು, ಮೂರನೆಯದು, ನಾಲ್ಕನೆಯದು. ನಾಲ್ಕು ಗಂಟೆಗೆ ಜಾಕ್ ಇಳಿಸುವಾಗ ಬೀದಿಯ ಅರ್ಧ ಜನ ಗೇಟಿನ ಹತ್ತಿರ ಸೇರಿದ್ದರು. ಗಾಡಿ ನಿಟ್ಟುಸಿರು ಬಿಟ್ಟು, ದೊಡ್ಡ ಪ್ರಾಣಿಯೊಂದು ಮಂಡಿಯೂರುವ ಹಾಗೆ ನಿಧಾನವಾಗಿ ತಗ್ಗಿತು. ತಗ್ಗಿದ ಮೇಲೆ ಅದು ಇನ್ನೂ ಚೆಂದ ಕಂಡಿತು. ಚಕ್ರಗಳು ಮಡ್‌ಗಾರ್ಡಿನ ನೆರಳಿಗೆ ಸರಿದು, ಗಾಡಿಯ ಇಡೀ ಮೈ ನೆಲಕ್ಕೆ ಒರಗಿ ಏನನ್ನೋ ಆಲಿಸುತ್ತಿರುವ ಹಾಗಿತ್ತು. ಜನ ಬಾಯಿ ತೆರೆದು ನೋಡಿದರು.

ಟೈಲರ್ ಟೇಪು ಹಿಡಿದ. "ಇನ್ನೂ ಒಂದು ಬೆರಳು ಜಾಸ್ತಿ ಇದೆ ಮುಳ್ಳಣ್ಣ."

ಗಂಟೆ ನಾಲ್ಕೂವರೆಯಾಗುತ್ತಾ ಬಂದಿತ್ತು.

"ಅಷ್ಟೇ ತಾನೆ?" ಎಂದ ಪಂಕ್ಚರ್ ಅಂಗಡಿಯವನು. "ಎಲ್ಲ ಹತ್ತಿ ಕೂತ್ಕೊಳ್ಳಿ. ಪ್ಲೇಟು ಕಮ್ಮಿಯಾಗಿ ಈಗ ಮೆತ್ತಗಾಗಿದೆ. ಕೂತರೆ ಕುಸಿಯುತ್ತೆ."

ಹೆಡ್‌ಮೇಷ್ಟ್ರು, ನರ್ಸಮ್ಮ, ಪಂಕ್ಚರ್ ಅಂಗಡಿಯವನು, ಗೇಟಿನ ಬಳಿ ನಿಂತಿದ್ದ ಇನ್ನೂ ಆರು ಜನ ಹಿಂದೆ ಹತ್ತಿದರು. ಟೈಲರ್ ಬಾನೆಟ್ ಮೇಲೆ ಚಕ್ಕಳಮಕ್ಕಳ ಹಾಕಿದ. ಮುಳ್ಳಣ್ಣ ಸ್ಟಿಯರಿಂಗ್ ಹಿಡಿದ. ಹೆಂಡತಿ ತೊಲೆಯ ಪಕ್ಕ ಸ್ಟೂಲ್ ಮೇಲೆ ನಿಂತು ಕಣ್ಣು ಕಿರಿದು ಮಾಡಿದಳು.

"ಬನ್ನಿ... ಬನ್ನಿ... ಉಸಿರು ಬಿಡ್ಬೇಡಿ ಯಾರೂ... ಬನ್ನಿ!"

ನೆತ್ತಿಗೂ ತೊಲೆಗೂ ನಡುವೆ ಒಂದು ದಾರ ತೂರುವಷ್ಟು ಜಾಗ. ಹಸಿರು ಗಾಡಿ ಕವರಿನೊಳಗೆ ಕಾಗದ ಜಾರುವ ಹಾಗೆ ಒಳಗೆ ಜಾರಿತು. ಚಪ್ಪಾಳೆಯೋ ಚಪ್ಪಾಳೆ. ಆ ಖುಷಿಗೆ ಪಂಕ್ಚರ್ ಅಂಗಡಿಯವನು ಕೆಳಗೆ ಹಾರಿದ.

ಗಾಡಿ ಮೇಲೆದ್ದು ತೊಲೆಗೆ ತಾಗಿತು. ತಗಡಿನ ಮಾಡು ಕರಕರ ಎಂದಿತು.

"ಹತ್ತೋ ಮಾರಾಯ, ಹತ್ತು!" ಎಂದು ಎಲ್ಲರೂ ಕಿರುಚಿದರು. ಅವನು ಹತ್ತಿದ. ಸದ್ದು ನಿಂತಿತು.

"ಹಾಗಾದ್ರೆ ನಾವು ಇಳಿಯೋ ಹಾಗಿಲ್ವಾ?" ಎಂದು ಟೈಲರ್ ಬಾನೆಟ್ ಮೇಲಿಂದ ಮೆಲ್ಲಗೆ ಕೇಳಿದ.

"ಇನ್ನು ಕಾಲು ಗಂಟೆ ಅಷ್ಟೇ," ಮುಳ್ಳಣ್ಣ ಕೈಮುಗಿದ. "ಮಾವ ನೋಡಿ ಸಹಿ ಹಾಕ್ಲಿ. ಆಮೇಲೆ ನಿಮ್ಮನ್ನೆಲ್ಲ ಕೂರಿಸ್ಕೊಂಡೇ ಹೊರಗೆ ತಂದು ಇಳಿಸ್ತೀನಿ. ಅಲ್ಲೀವರೆಗೆ ದಯವಿಟ್ಟು ಅಲ್ಲಾಡ್ಬೇಡಿ." ಅವನು ಮೆಲ್ಲಗೆ ಇಳಿದ; ಸಣಕಲು ಆಳಾದ್ದರಿಂದ ಗಾಡಿಗೆ ಅದು ಗೊತ್ತೇ ಆಗಲಿಲ್ಲ.

ಐದಕ್ಕೆ ಸರಿಯಾಗಿ ಮಾವ ಬಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಾಗದದ ಚೀಲ. ಶೆಡ್ಡಿನ ಬಾಗಿಲಲ್ಲಿ ನಿಂತವರು ನಿಂತೇಬಿಟ್ಟರು. ಇಳಿಬಿಸಿಲು ಅಡ್ಡಲಾಗಿ ಗಾಡಿಯ ಮೇಲೆ ಬಿದ್ದಿತ್ತು. ಅದರೊಳಗೆ ಹತ್ತು ಜನ ತುಟಿಪಿಟಕ್ಕೆನ್ನದೆ, ಕಣ್ಣೆವೆ ಕೂಡ ಮೆಲ್ಲಗೆ ಬಡಿಯುತ್ತಾ ಕೂತಿದ್ದರು.

"ಇವರೆಲ್ಲ ಯಾರು ಅಳಿಯ? ಯಾಕೆ ಹೀಗೆ ಕೂತಿದಾರೆ?"

ಪ್ಲೇಟು ತೆಗೆದದ್ದು ತಿಳಿದರೆ ಮಾವ ಉಳಿಸುವುದಿಲ್ಲ. ಮುಳ್ಳಣ್ಣನ ಬಾಯಿಂದ ಸಿಕ್ಕಿದ ಮಾತು ಹೊರಬಿತ್ತು.

"ನಮ್ಮ ಬೀದಿಯವರು ಮಾವ. ಇವರಿಗೆ ಈ ಗಾಡಿ ಕಂಡ್ರೆ ಪ್ರಾಣ. ದಿನಾ ಸಂಜೆ ಬಂದು... ಹೀಗೇ... ಸುಮ್ಮನೆ ಕೂತು ಹೋಗ್ತಾರೆ."

"ಮಾತೂ ಆಡಲ್ವಾ?"

"ಭಕ್ತಿ ಮಾವ."

ಮಾವ ಹತ್ತಿರ ಹೋದರು. ಹಸಿರು ಮೈಯ ಮೇಲೆ ಅಂಗೈ ಇಟ್ಟರು. ನರ್ಸಮ್ಮನಿಗೆ ಏನನ್ನಿಸಿತೋ, "ನಮ್ಮ ಬೀರು ಇದರಲ್ಲೇ ಬಂದಿತ್ತು, ಅಣ್ಣ," ಎಂದರು. ಅದೊಂದು ಮಾತು ನಿಜವಾಗಿತ್ತು. ಮಾವನ ಮಂಜುಗಣ್ಣಲ್ಲಿ ನೀರು ತುಂಬಿತು.

"ನಲವತ್ತು ವರ್ಷ ಓಡಿಸ್ದೆ," ಎಂದರು. "ಬಾಡಿಗೆ ಕೊಟ್ಟವರಿದ್ರು, ಬೈದವರಿದ್ರು. ಹೀಗೆ ಇದರ ಮಡಿಲಲ್ಲಿ ಬಂದು ಕೂತವರನ್ನ ನಾನು ಕಂಡಿಲ್ಲ. ಅಳಿಯ, ಇದನ್ನ ನಿನಗೆ ಕೊಡ್ಬೇಕು ಅಂತ ಬಂದಿದ್ದೆ."

"ಕೊಡಿ ಮಾವ," ಎಂದು ಮುಳ್ಳಣ್ಣ ಪೆನ್ನು ಮುಂದೆ ಹಿಡಿದ.

"ಈಗ ನಿನಗೆ ಹೇಗಯ್ಯ ಕೊಡ್ಲಿ? ಇಷ್ಟು ಜನರ ಪ್ರಾಣ ಒಬ್ಬನ ಜೇಬಿಗೆ ಹಾಕಿದ್ರೆ ನನಗೆ ನಿದ್ದೆ ಬರುತ್ತಾ? ನೀನೂ ಬೇಡ ಅನ್ನಲ್ಲ, ನಿನ್ನ ಮನಸ್ಸು ದೊಡ್ಡದು, ಗೊತ್ತು ನಂಗೆ." ಪೆನ್ನು ತೆಗೆದುಕೊಂಡು ಮಾವ ಹೆಡ್‌ಮೇಷ್ಟ್ರ ಕಡೆ ತಿರುಗಿದರು. "ಇಲ್ಲಿ ಹಿರಿಯರು ನೀವು. ನಿಮ್ಮ ಹೆಸರು ಹೇಳಿ. ಬೀದಿಯವರೆಲ್ಲರ ಪರವಾಗಿ ನಿಮ್ಮ ಹೆಸರಿಗೆ ಬರೀತೀನಿ. ಇವತ್ತಿಂದ ಈ ಗಾಡಿ ನಿಮ್ಮೆಲ್ಲರದು!"

ಮುಳ್ಳಣ್ಣ ಬಾಯಿ ತೆರೆದ. ಆ ಭಕ್ತಿ ಸುಳ್ಳೆಂದರೆ ಪ್ಲೇಟಿನ ಕತೆ ಹೊರಬರುತ್ತದೆ, ನಿಜವೆಂದರೆ ಗಾಡಿ ಹೋಗುತ್ತದೆ. ಅವನು ಎರಡನ್ನೂ ತೂಗಿ ನೋಡುವಷ್ಟರಲ್ಲಿ ಮಾವ ಬಾನೆಟ್ ತುದಿಯಲ್ಲೇ ಕಾಗದವಿಟ್ಟು, ಟೈಲರ್ ಮಂಡಿಯ ಪಕ್ಕದಲ್ಲಿ ಸಹಿ ಹಾಕಿ, ತಮ್ಮ ಬಳಿಯಿದ್ದ ಇನ್ನೊಂದು ಕೀಲಿಕೈಯನ್ನು ಹೆಡ್‌ಮೇಷ್ಟ್ರ ಅಂಗೈಗಿಟ್ಟರು.

ಆಮೇಲೆ ಶೆಡ್ಡಿನಲ್ಲಿ ಎದ್ದ ಸಂಭ್ರಮ ಬೀದಿಯ ಕೊನೆಯವರೆಗೂ ಕೇಳಿಸಿತು. "ನಮ್ಮದು! ನಮ್ಮದು!" ಎಂದು ಕೂಗುತ್ತಾ ಹತ್ತೂ ಜನ ಮಾವನ ಕಾಲು ಮುಟ್ಟಲು ಒಟ್ಟಿಗೇ ಕೆಳಗೆ ಹಾರಿದರು.

"ಇಳೀಬೇಡಿ!" ಎಂದ ಮುಳ್ಳಣ್ಣನ ಕೂಗು ಅವನಿಗೇ ಕೇಳಿಸಲಿಲ್ಲ.

ಭಾರ ಇಳಿದ ಪಿಕಪ್ ಹಾಯಾಗಿ ಮೈಮುರಿದು ಮೇಲೆದ್ದಿತು. ತೊಲೆ ಎದ್ದಿತು. ತಗಡಿನ ಮೊಳೆಗಳು ಟಣ್ ಟಣ್ ಎಂದು ಒಂದೊಂದಾಗಿ ಹಾರಿದವು. ಇಡೀ ಮಾಡು ಒಂದು ಪಕ್ಕಕ್ಕೆ ಬಾಗಿಲಿನ ಹಾಗೆ ತೆರೆದು, ಹಿಂದಿನ ಗೋಡೆಗೆ ಒರಗಿ ನಿಂತಿತು. ಮೇಲಿಂದ ಸಂಜೆಯ ಆಕಾಶ, ಬಂಗಾರದ ಬಣ್ಣದ್ದು, ಗಾಡಿಯ ಮೇಲೆ ಸುರಿಯಿತು. ಎಲ್ಲರೂ ತಲೆಯೆತ್ತಿ ನೋಡುತ್ತಾ ನಿಂತರು.

"ಬೆಳಕು ಬರಲಿ ಅಂತ ಮಾಡು ಕೂಡ ತೆರೆಯೋ ಹಾಗೆ ಮಾಡಿಸಿದೀಯಾ ಅಳಿಯ!" ಮಾವ ಬೆರಗಾಗಿ ಅವನ ಬೆನ್ನು ತಟ್ಟಿದರು.

ಹೆಡ್‌ಮೇಷ್ಟ್ರು ಮಾತ್ರ ಕನ್ನಡಕ ಸರಿಮಾಡಿಕೊಂಡು ಗಾಡಿಯ ನೆತ್ತಿಯನ್ನೇ ನೋಡುತ್ತಿದ್ದರು. ಅವರ ಮುಖ ಗಂಭೀರವಾಯಿತು.

"ಏನಯ್ಯ ಮುಳ್ಳಣ್ಣ, ನಿನ್ನ ಶೆಡ್ಡಿಂದ ನಮ್ಮ ಗಾಡಿಗೆ ಗೀರು ಬಿದ್ದಿದೆಯಲ್ಲಯ್ಯ! ನಾಳೆ ಬೆಳಿಗ್ಗೆಯೊಳಗೆ ಬಣ್ಣ ಹಚ್ಚಿಬಿಡು."