ಧೂರವೀರ ತಡಮಾಡಿ ಬಂದ ಪುಟ

ಪುಸ್ತಕ ಸಣ್ಣದಿದ್ದಿದ್ದರೆ ಯೋಗಿರಾಜ ಆ ರವಿವಾರ ಸಾಯುತ್ತಿರಲಿಲ್ಲ.

ಅಂಗೈಯಷ್ಟು ಚಿತ್ರ, ಅದರೊಳಗೆ ಜೋಳದ ಕಾಳಿನಷ್ಟು ಮುಖ ಇದ್ದರೆ ಅದು ಯಾರದೆಂದು ಯಾರು ಗುರುತು ಹಿಡಿದಾರು? ಆದರೆ ಧೂರವೀರನ ಪುಸ್ತಕಗಳು ಹಂಗಲ್ಲ. ಗಿರಣಿ ಚಿಮಣಿಯ ಧೂರದೊಳಗಿಂದ, ಅಂದರೆ ಹೊಗೆಯೊಳಗಿಂದ, ಎದ್ದು ಬಂದು ಬಡವರನ್ನು ಉಳಿಸುವ ಆ ವೀರನ ಒಂದೊಂದು ಪುಸ್ತಕವೂ ತೊಟ್ಟಿಲ ಹಾಸಿಗೆಯಷ್ಟು ಅಗಲ. ಗೆರೆ ಎಳೆದು ಬಣ್ಣ ತುಂಬಿದ್ದಲ್ಲ, ಪೂರಾ ಕುಂಚದಿಂದ ಬಳಿದದ್ದು. ಬಳಿದವನ ಹೆಸರು ಯಾವ ಪುಟದಲ್ಲೂ ಇಲ್ಲ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಓದಲಾಗದು. ನೆಲಕ್ಕೆ ಹಾಸಿ, ಪಂಕ್ತಿಗೆ ಕುಳಿತವರಂತೆ ಸುತ್ತ ಕುಳಿತು ನೋಡಬೇಕು.

ಸೊಲ್ಲಾಪುರದಲ್ಲಿ ಹಂಗೆ ಕುಳಿತು ನೋಡುವ ಹುಚ್ಚರು ಮೂವರು ಉಳಿದಿದ್ದರು. ಯೋಗಿರಾಜ ಚಾದರ ಅಂಗಡಿಯ ಗುಮಾಸ್ತ. ಹುಟ್ಟಿದಾಗಿಂದ ಯಾರ ಮಾತಿಗೂ ಇಲ್ಲ ಅಂದವನಲ್ಲ. ನಾಗೇಶನದು ಫ್ಲೆಕ್ಸ್ ಅಂಗಡಿ. ಮೊದಲು ಕೈಯಿಂದಲೇ ಬೋರ್ಡ್ ಬರೆಯುತ್ತಿದ್ದವನಾದ್ದರಿಂದ ಬಣ್ಣದ ಮಾತು ಬಂದರೆ ಅವನ ಮೂಗು ಇನ್ನೂ ಅರಳುತ್ತದೆ. ಇವರಿಬ್ಬರಿಗೂ ಹಿರಿಯ ಉದಯಕುಮಾರ, ಕಚೇರಿಯಿಂದ ನಿವೃತ್ತನಾದವನು. ವಾದದಲ್ಲಿ ಒಮ್ಮೆಯೂ ಸೋತವನಲ್ಲ, ಸೋತಾಗಲೂ.

ಆ ದಿನ ಸಂಜೆ ಅಕ್ಕಲಕೋಟದಲ್ಲಿ ಯೋಗಿರಾಜನ ಮಗಳು ಪ್ರಾಜಕ್ತಾಳ ಸಾಖರಪುಡಾ ಇತ್ತು. ಸಕ್ಕರೆ ಹಂಚಿ ಲಗ್ನ ಗಟ್ಟಿ ಮಾಡುವ ಕಾರ್ಯ. ಎಷ್ಟೋ ಮನೆಗಳ ಹೊಸ್ತಿಲು ತಿಕ್ಕಿದ ಮೇಲೆ ಕೂಡಿಬಂದ ಸಂಬಂಧ. "ಹಿಂಗ ಹೋಗಿ ಹಂಗ ಬರ್ರಿ. ಇವತ್ತರ ಆ ಪುಸ್ತಕದ ಮುಂದ ಕುಂತು ಮಂಗ್ಯಾ ಆಗಬ್ಯಾಡ್ರಿ," ಎಂದು ಹೆಂಡತಿ ಉಜ್ವಲಾ ಹೇಳಿ ಕಳಿಸಿದ್ದಳು.

ಆದರೆ ಹೊಸದಾಗಿ ಸಿಕ್ಕ ಪುಸ್ತಕ ತೋರಿಸದೆ ಇರಲಾಗುತ್ತದೆಯೇ? ಅದು ಧೂರವೀರನ ಕಡೆಯ ಭಾಗ. ಊರೆಲ್ಲ ಹುಡುಕಿದರೂ ಸಿಗದ್ದು. ಹನ್ನೂರಿನಲ್ಲಿ ಇದೇ ಹುಚ್ಚಿನ ಅಮೋಗಸಿದ್ಧನೊಬ್ಬನ ಬಳಿ ಮಾತ್ರ ಇತ್ತು. ನಾಗೇಶನ ಅಂಗಡಿಯ ಹಿಂದಿನ ಕೋಣೆಯಲ್ಲಿ ಯೋಗಿರಾಜ ಚಾದರದ ಗಂಟು ಬಿಚ್ಚಿದ.

"ಹನ್ನೂರ ಅಮೋಗಸಿದ್ಧ ಇದನ್ನ ಹೆಂಗ ಕೊಟ್ಟನೊ ಯೋಗ್ಯಾ?" ಎಂದ ಉದಯಕುಮಾರ. "ಅಂವ ಜೀವ ಕೊಟ್ಟಾನು, ಪುಸ್ತಕ ಕೊಡಾವಲ್ಲ."

"ಪುಗಸಟ್ಟಿ ಕೊಟ್ಟ ನೋಡ್ರಿ ಉದಯಣ್ಣ. ಕೈಯಾಗ ತುರುಕಿ, ಹಿಂದ ತಿರುಗಿ ನೋಡದ ಹೋದ."

"ಹೋದ ತಿಂಗಳ ಅಂವ ಸತ್ತ ಅಂತ ಸುದ್ದಿ ಬಂದಿತ್ತಲ್ಲ?"

"ಬಂದಿತ್ತ್ರಿ," ಎಂದ ನಾಗೇಶ. "ನಾ ಹಾರ ತಗೊಂಡು ಓಡಿದ್ರ, ಅಂವನ ಕಟ್ಟಿ ಮ್ಯಾಲ ಕುಂತು ಭಜಿ ತಿನ್ನಾಕತ್ತಿದ್ದ. ಇನ್ನ ಈ ಹಾರ ಏನ್ ಮಾಡ್ಲೋ ಅಂದ್ರ, ಬಾಗಲಿಗೆ ಕಟ್ಟು ಅಂದ."

ಮೂವರೂ ನಕ್ಕರು. ನಕ್ಕು ಪುಸ್ತಕ ತೆರೆದರು. ಹತ್ತಿ ಎಣ್ಣೆ ಮತ್ತು ಹಳೆಯ ಹೊಗೆ ಕೂಡಿದಂಥ ವಾಸನೆ ಎದ್ದಿತು.

ಕಡೆಯ ದೊಡ್ಡ ಚಿತ್ರ ಎರಡು ಪುಟಕ್ಕೂ ಹಬ್ಬಿತ್ತು. ಒಂದು ಮನೆಯ ಪಡಸಾಲೆ. ನೆಲದ ಮೇಲೆ ಪಟ್ಟಾಪಟ್ಟಿ ಚಾದರ ಹೊದ್ದ ಹೆಣ. ಹಿಂದಿನ ಬಾಗಿಲಲ್ಲಿ ಹೊಗೆ. ಹೊಗೆಯೊಳಗೆ ಧೂರವೀರ ನಿಂತಿದ್ದಾನೆ.

"ಇದ ನೋಡು ಇದರ ದೊಡ್ಡಸ್ತಿಕಿ," ಎಂದ ಉದಯಕುಮಾರ. "ಬ್ಯಾರೆ ವೀರರೆಲ್ಲ ಟಾಯಿಮಿಗೆ ಸರಿಯಾಗಿ ಬರ್ತಾರ. ಇಂವ ತಡಾ ಮಾಡಿ ಬಂದಾನ. ಸೋತಾನ. ಸೋತ ವೀರನ ಖರೇ ವೀರ."

ನಾಗೇಶ ಮೊಣಕಾಲೂರಿ ಮೂಗನ್ನು ಪುಟಕ್ಕೆ ಹತ್ತಿಸಿದ್ದ. "ಉದಯಣ್ಣ, ನೀವು ಕತಿ ನೋಡ್ತೀರಿ, ನಾ ಬಣ್ಣ ನೋಡ್ತೀನಿ. ಓಡಿ ಬಂದಾವನ ಎದಿ ಉಬ್ಬಿರತದ. ಇಂವ ಆರಾಮ ನಿಂತಾನ. ಹೊಗಿ ನೋಡ್ರಿ, ನೆಲಕ್ಕ ಇಳದು ಕುಂತದ. ಇಂವ ತಡಾ ಮಾಡಿ ಬಂದಾವಲ್ಲ. ಭಾಳ ಹೊತ್ತಿನಿಂದ ಇಲ್ಲೇ ಅದಾನ."

"ಹುಚ್ಚ. ಹಂಗಿದ್ರ ಯಾಕ ಉಳಸ್ಲಿಲ್ಲ?"

"ಅದನ್ನ ಅವನ್ನ ಕೇಳ್ರಿ. ಕಣ್ಣು ನೋಡ್ರಿ, ಹೆಣದ ಕಡೆ ನೋಡಾಕತ್ತಿಲ್ಲ. ಪುಟ ತಗದವರ ಕಡೆ ನೋಡಾಕತ್ತಾನ."

ಪುಟ ತೆಗೆದವನು ಯೋಗಿರಾಜ. ಅವನು ಸುಮ್ಮನೆ ಸ್ವಲ್ಪ ಪಕ್ಕಕ್ಕೆ ಸರಿದ. ಅಷ್ಟರಲ್ಲಿ ಒಂದು ನೊಣ ಬಂದು ಚಿತ್ರದ ಹೆಣದ ಗಲ್ಲದ ಮೇಲೆ ಕುಳಿತಿತು. ಯೋಗಿರಾಜ ಪಟ್ಟನೆ ತನ್ನ ಗಲ್ಲಕ್ಕೆ ಹೊಡೆದುಕೊಂಡ.

"ನೊಣ ಅಲ್ಲಿ ಕುಂತದ, ನೀ ಇಲ್ಲಿ ಯಾಕ ಹೊಡಕೊಂಡಿ?" ಎಂದು ನಗಲು ಹೋದ ನಾಗೇಶ ಅರ್ಧಕ್ಕೇ ನಿಂತ. ಹೆಣದ ಮುಖ ನೋಡಿದ, ಯೋಗಿರಾಜನ ಮುಖ ನೋಡಿದ. ಸಣ್ಣವನಿದ್ದಾಗ ಗಾಳಿಪಟದ ಮಾಂಜಾ ಕೊಯ್ದು ಯೋಗಿರಾಜನ ಎಡ ಹುಬ್ಬು ಎರಡಾಗಿತ್ತು. ಹೆಣದ ಎಡ ಹುಬ್ಬೂ ಎರಡಾಗಿತ್ತು. ಮೂಗಿನ ಬದಿಯ ನರುಳ್ಳೆ ಸಹ ಅದೇ ಜಾಗದಲ್ಲಿ.

"ಅರೆ ದೇವಾ," ಎಂದ ಉದಯಕುಮಾರ. "ಯೋಗ್ಯಾ, ಇದು ನೀನ."

ಪುಸ್ತಕ ಯೋಗಿರಾಜ ಹುಟ್ಟುವ ಮೊದಲಿನದು. ಹೊರಗೆ ಫ್ಲೆಕ್ಸ್ ಯಂತ್ರ ಕರ್ ಕರ್ ಅನ್ನುತ್ತಿತ್ತು.

ಮೊದಲು ಚೇತರಿಸಿಕೊಂಡವನು ಉದಯಕುಮಾರ. "ಕಾಗಿ ತಲಿಗೆ ಬಡದ್ರ ಏನ್ ಮಾಡ್ತಾರ?"

"ಸತ್ತ ಅಂತ ಬಳಗದವರಿಗೆ ಸುಳ್ಳು ಸುದ್ದಿ ಕಳಸ್ತಾರ," ಎಂದ ನಾಗೇಶ. "ಅವರು ಅತ್ತ ಮ್ಯಾಲ ಖರೇ ಹೇಳ್ತಾರ. ಕಣ್ಣೀರು ಬಿತ್ತಂದ್ರ ಕಂಟಕ ಹೋತು."

"ಕಾಗಿಗೆ ನಡೆಯೂ ಉಪಾಯ ಚಿತ್ರಕ್ಕ ಯಾಕ ನಡಿಯಂಗಿಲ್ಲ?"

"ಬ್ಯಾಡ್ರಿ ಉದಯಣ್ಣ, ಇವತ್ತ ಸಾಖರಪುಡಾ ಅದ," ಎಂದ ಯೋಗಿರಾಜ.

"ಅದಕ್ಕ ಹೇಳಾಕತ್ತೀನಿ. ಅಕ್ಕಲಕೋಟಕ್ಕ ಹೋಗಿ ಬೀಗರ ಪಡಸಾಲ್ಯಾಗ ಮಲಗಿಬಿಟ್ರ ಚಲೋ ಇರ್ತದೇನು?"

ಯೋಗಿರಾಜ ಚಿತ್ರದ ಪಡಸಾಲೆ ನೋಡಿದ. ಒಪ್ಪಿದ.

ಯಾರು ಅಳಬೇಕು ಎಂಬುದಕ್ಕೆ ಚರ್ಚೆಯೇ ಬೇಕಾಗಲಿಲ್ಲ. ನಾಗಣಸೂರದ ಚಂದ್ರಭಾಗಾ ಅತ್ತ್ಯಾ, ಯೋಗಿರಾಜನ ಅಪ್ಪನ ತಂಗಿ. ಇಡೀ ತಾಲೂಕಿನಲ್ಲಿ ಅವಳಂತೆ ಅಳುವವರಿರಲಿಲ್ಲ. ಗುರುತಿಲ್ಲದ ಹೆಣ ಕಂಡರೂ ಎರಡು ಮಾತು ಹಾಡಿ ಅತ್ತು ಹೋಗುವವಳು. ನಾಗೇಶ ಫೋನು ಹಚ್ಚಿ, ಮೂಗು ಹಿಡಿದುಕೊಂಡು ಸುದ್ದಿ ಹೇಳಿದ.

"ಅಯ್ಯ ನನ ಮಲ್ಲಿಗಿ ಮೊಗ್ಗ! ಬಂಗಾರದಂಥ ಹುಡುಗ! ಎದುರ ಮಾತಾಡ್ಲಿಲ್ಲ, ಹಳಸಿದ್ದು ಹಾಕಿದ್ರೂ ಉಂಡೆಲ್ಲೊ ನನ್ನಪ್ಪ!"

ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಯೋಗಿರಾಜ ಈವರೆಗೆ ಕೇಳಿರಲಿಲ್ಲ. ಅವನ ಕಣ್ಣೂ ತುಂಬಿದವು. "ಈಗ ಖರೇ ಹೇಳ್ಲೇನು?" ಎಂದು ನಾಗೇಶ ಸನ್ನೆ ಮಾಡಿದರೆ, "ಸ್ವಲ್ಪ ತಡೀ, ಮುಗಸ್ಲಿ," ಎಂದ.

ತಡೆದದ್ದೇ ತಪ್ಪಾಯಿತು. ಅತ್ತ್ಯಾ ಫೋನು ಇಟ್ಟುಬಿಟ್ಟಳು. ಮತ್ತೆ ಹಚ್ಚಿದರೆ ಸತತ ಎಂಗೇಜ್. ಹಿಂದಿನ ಕಾಲದಲ್ಲಿ ಸತ್ತ ಸುದ್ದಿ ಒಂದು ಎಸ್‌ಟಿ ಬಸ್ಸಿಗೆ ಹೋದರೆ ಖರೇ ಸುದ್ದಿ ಬೆನ್ನಿಗೇ ಇನ್ನೊಂದು ಬಸ್ಸಿಗೆ ಹೋಗುತ್ತಿತ್ತು. ನಡುವಿನ ಅಳು ಆ ಊರಲ್ಲೇ ಉಳಿಯುತ್ತಿತ್ತು. ಈಗಿನ ಸುದ್ದಿಗೆ ಸ್ಟ್ಯಾಂಡೂ ಇಲ್ಲ, ಕಂಡಕ್ಟರೂ ಇಲ್ಲ.

ಮುಂದಿನ ಕೋಣೆಯಲ್ಲಿ ಯಂತ್ರ ಕರ್ ಕರ್ ಅನ್ನುತ್ತಲೇ ಇತ್ತು. ನಾಗೇಶ ಹೋಗಿ ನೋಡಿದರೆ ಅದರೊಳಗಿಂದ ಯೋಗಿರಾಜನ ನಗುಮುಖ ಇಂಚಿಂಚಾಗಿ ಹೊರಬರುತ್ತಿತ್ತು. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಲಸದ ಹುಡುಗ ಹಿಡಿದ ಚಾದರ ಅಂಗಡಿಯವರ ಅರ್ಜಂಟ್ ಆರ್ಡರ್.

"ಫೋಟೊ ಚಲೋ ಬಂದದ," ಎಂದ ಯೋಗಿರಾಜ.

ಮೂವರೂ ಪುಸ್ತಕ ಸುತ್ತಿಕೊಂಡು ಮನೆಗೆ ಓಡಿದರು. ಓಣಿಯಲ್ಲಿ ಜನ ಕೂಡಿದ್ದರು. ಪಕ್ಕದ ಮನೆಯ ಲೀಲಾಬಾಯಿ ಬಾಗಿಲ ತೋರಣ ಬಿಚ್ಚಿ, ಸಾಖರಪುಡಾದ ಸಕ್ಕರೆಯನ್ನೇ ಬಂದವರ ಚಹಾಕ್ಕೆ ಸುರಿದಿದ್ದಳು. ಯೋಗಿರಾಜ ಹೊಸ್ತಿಲಿಗೆ ಕಾಲಿಟ್ಟದ್ದೇ ತಡ, ಅಳು ಕರೆಂಟು ಹೋದ ಫ್ಯಾನಿನಂತೆ ನಿಂತಿತು.

"ಅಲ್ಲೇ ನಿಂದ್ರು!" ಎಂದಳು ಲೀಲಾಬಾಯಿ. "ಚಪ್ಪಲಿ ತಗಿ. ಹಿಮ್ಮಡ ಯಾವ ಕಡೆ ಅದ, ತೋರ್ಸು."

ಯೋಗಿರಾಜ ತೋರಿಸಿದ. ಹಿಮ್ಮಡ ಹಿಂದೆಯೇ ಇತ್ತು. ಆದರೂ ಒಬ್ಬಳು ಮುದುಕಿ ಅವನನ್ನು ಚಿವುಟಿ ನೋಡಿದಳು, ಇನ್ನೊಬ್ಬಳು ಅವಳ ಚಿವುಟಿನ ಮೇಲೆ ನಂಬಿಕೆ ಸಾಲದೆ ಮತ್ತೆ ಚಿವುಟಿದಳು.

ಉಜ್ವಲಾ ಅತ್ತು ಕೆಂಪಾದ ಕಣ್ಣಿನಿಂದ ಎದ್ದು ಬಂದಳು. ನಡೆದದ್ದು ಕೇಳಿದಳು. "ನೀವು ಖರೇ ಸತ್ತಿದ್ರ ಇಷ್ಟು ಸಿಟ್ಟ ಬರ್ತಿರಲಿಲ್ಲ ನೋಡ್ರಿ," ಎಂದಳು. "ಅಕ್ಕಲಕೋಟದವರಿಗೂ ಸುದ್ದಿ ಮುಟ್ಯದ. ಸೂತಕದ ಮನಿ ಅಂದ್ರ ಲಗ್ನ ಮುರದಂಗ. ಈಗಿಂದೀಗ ಏಳ್ರಿ, ಮಖ ತೋರಸೂಣು. ಆ ಪುಸ್ತಕಾನೂ ತಗೊಳ್ರಿ. ಅದು ನನ್ನ ಮನ್ಯಾಗ ಇರಬಾರದು."

ಅಪ್ಪನ ತೋಳು ಹಿಡಿದ ಪ್ರಾಜಕ್ತಾ ದಾರಿಯುದ್ದಕ್ಕೂ ಬಿಡಲಿಲ್ಲ. ಅವಳು ಹಂಗೆ ಹಿಡಿದದ್ದಕ್ಕೇ ಯೋಗಿರಾಜನಿಗೆ ಹೆಚ್ಚು ಸಂಕಟವಾಯಿತು.

ಬಾಡಿಗೆ ಜೀಪು ಸಿಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅದು ಓಣಿಯ ತಿರುವಿನಲ್ಲಿ ನಿಂತಾಗ ಫ್ಲೆಕ್ಸ್ ಆಗಲೇ ಕಂಬಕ್ಕೆ ಏರಿತ್ತು. ಒಬ್ಬ ರಿಕ್ಷಾದವನು ಅದಕ್ಕೆ ಕೈ ಮುಗಿದು, ತಿರುಗಿ ಜೀಪಿನಲ್ಲಿ ಯೋಗಿರಾಜನನ್ನು ಕಂಡು, ಅವನಿಗೂ ಕೈ ಮುಗಿದು, ರಿಕ್ಷಾ ಬಿಟ್ಟು ಓಡಿದ. ಹೋಟಗಿ ದಾಟುವಾಗ ಬಿಸಿಲು ಹಳದಿಯಾಗಿತ್ತು. ರೈಲ್ವೆ ಗೇಟಿನಾಚೆ, ಎಲ್ಲೂ ಬೆಂಕಿ ಇಲ್ಲದಿದ್ದರೂ, ಹೊಲದ ಮೇಲೆ ಹೊಗೆಯ ಒಂದು ಎಳೆ ಜೀಪಿನ ಜೊತೆಗೇ ಬರುತ್ತಿತ್ತು. ನಾಗೇಶ ಅದನ್ನು ಕಂಡ. ಕಂಡು ಜೀಪಿನ ಪರದೆ ಇಳಿಸಿದ.

ಅಕ್ಕಲಕೋಟದಲ್ಲಿ ಬೀಗ ಕೈಲಾಸ, ಶೇಂಗಾ ವ್ಯಾಪಾರಿ, ಬಾಗಿಲಲ್ಲೇ ನಿಂತಿದ್ದ. ಬಲಗಿವಿಯ ಮೇಲಂಚಿನಲ್ಲಿ ಮುತ್ತಿನ ಭಿಕಬಾಳಿ ಇಟ್ಟ ಗಟ್ಟಿ ಆಳು. ಯೋಗಿರಾಜನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕ.

"ಅಲ್ಲರೀ ಬೀಗರ, ನಿಮ್ಮ ದುಃಖಕ್ಕ ನಾ ಪೇಢೆ ವಾಪಸ್ ಕಳಿಸಿ ಕುಂತೀನಲ್ಲರಿ! ಬರ್ರಿ, ಬರ್ರಿ. ಯಾವ ಕಾಲದಾಗ ಅದೀರಿ ನೀವು?"

ಯೋಗಿರಾಜನನ್ನು ಪಡಸಾಲೆಯಲ್ಲಿ ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ತಲೆಗೆ ಬಿಳಿ ಟೊಪ್ಪಿಗೆ ಇಟ್ಟು, ಹೆಗಲಿಗೆ ಟವೆಲ್ ಹೊದಿಸಿ ಮರ್ಯಾದೆ ಮಾಡಿದ. ವರ ಮಯೂರ ಒಳಗಿಂದ ಹೊಸ ಅಂಗಿ ತೊಟ್ಟು ಬಂದ. ಪ್ರಾಜಕ್ತಾಳ ಮುಖದಲ್ಲಿ ಮುಂಜಾನೆಯಿಂದ ಮೊದಲ ಸಲ ನಗು ಕಂಡಿತು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. "ಆ ಪುಸ್ತಕ ತರ್ರಿ ಇಲ್ಲಿ, ನಾನೂ ಒಂದೀಟು ನೋಡ್ತೀನಿ," ಎಂದ ಕೈಲಾಸ. ತಾನೇ ಗಂಟು ಬಿಚ್ಚಿ, ತಾನೇ ಪುಟ ತೆಗೆದ.

ಹೆಣದ ಹುಬ್ಬು ಅಖಂಡವಾಗಿತ್ತು. ನರುಳ್ಳೆ ಇರಲಿಲ್ಲ.

"ಹೋತು! ಉದಯಣ್ಣ, ಹೋತ್ರಿ!" ಯೋಗಿರಾಜ ಎದ್ದು ಕುಣಿದ. ಬೇರೆ ಯಾರೂ ಕುಣಿಯಲಿಲ್ಲ. ಚಿತ್ರದ ಹೆಣಕ್ಕೆ ಈಗ ದಪ್ಪ ಕತ್ತು ಬಂದಿತ್ತು. ಬಲಗಿವಿಯ ಮೇಲಂಚಿನಲ್ಲಿ ಮುತ್ತು ಮಿನುಗುತ್ತಿತ್ತು.

ಕೈಲಾಸನ ಕೈ ತಾನಾಗಿ ಕಿವಿಗೆ ಹೋಯಿತು.

"ಹನ್ನೂರ ಅಮೋಗಸಿದ್ಧ ಹೋದ ತಿಂಗಳ ಸತ್ತಿದ್ನಲ್ಲ... ಅಂವನೂ ಈ ಪುಟ ತಗದಿರಬೇಕು," ಎಂದ ಉದಯಕುಮಾರ ನಿಧಾನಕ್ಕೆ. ಮುಂಜಾನೆ ನಕ್ಕ ಮಾತು ಈಗ ಯಾರಿಗೂ ನಗೆ ತರಲಿಲ್ಲ.

ಯಾವ ಕಾಲದಲ್ಲಿದ್ದೀರಿ ಎಂದು ಕೇಳಿದ್ದ ಕೈಲಾಸನೇ ಫೋನಿಗೆ ಹಾರಿದ. ಲಾತೂರಿನ ತಂಗಿಗೆ ತಾನು ಸತ್ತ ಸುದ್ದಿ ತಾನೇ ಹೇಳಿದ. ದನಿ ಬದಲಿಸಲೂ ಅವನಿಗೆ ನೆನಪಾಗಲಿಲ್ಲ. ತಂಗಿ ಅತ್ತಳು. ಅಳು ಮುಗಿಯುವ ಮೊದಲೇ ಖರೇ ಹೇಳಿದ, ಬೈಸಿಕೊಂಡ. ಆಮೇಲೆ ಬೆವರೊರೆಸಿಕೊಂಡು ಕುಳಿತ. ಪುಸ್ತಕ ಮುಚ್ಚಿಯೇ ಇತ್ತು.

"ಹೋಗ್ಯದೋ ಇಲ್ಲೋ ನೋಡಬೇಕಲ್ಲ. ತಗೀರಿ ಯಾರರ," ಎಂದ.

ಯಾರೂ ಮುಂದೆ ಬರಲಿಲ್ಲ. ಉದಯಕುಮಾರನಿಗೆ ಕನ್ನಡಕ ಸಿಗಲಿಲ್ಲ. ಅದು ಅವನ ಮೂಗಿನ ಮೇಲೇ ಇತ್ತು. ನಾಗೇಶ ಕೈ ತೊಳೆಯಲು ಹೋದವನು ಬಚ್ಚಲಲ್ಲೇ ಉಳಿದ.

"ಬೀಗರ, ಪುಸ್ತಕ ನಿಮ್ಮದು," ಎಂದ ಕೈಲಾಸ. "ನನ್ನ ಮಖ ಅದರಾಗ ಇರೂತನಕ ಈ ಮನ್ಯಾಗ ಸಕ್ಕರಿ ಹಂಚೂದಿಲ್ಲ."

ಯೋಗಿರಾಜ ಮಗಳ ಕಡೆ ನೋಡಿದ. ಇಲ್ಲ ಅನ್ನಲು ಅವನಿಗೆ ಎಂದೂ ಬಂದಿರಲಿಲ್ಲ; ಇವತ್ತು ಬಂದರೂ ಅನ್ನುತ್ತಿರಲಿಲ್ಲ. ಬಗ್ಗಿ ಪುಟ ತೆಗೆದ.

ಎಡ ಹುಬ್ಬು ಎರಡಾಗಿತ್ತು. ನರುಳ್ಳೆ ತನ್ನ ಜಾಗಕ್ಕೆ ಬಂದಿತ್ತು. ಹಣೆಯಲ್ಲಿ ಕುಂಕುಮ, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಇಸ್ತ್ರಿಯ ಮಡಿಕೆಯೂ ಮಾಸದ ಟೊಪ್ಪಿಗೆ. ಬಾಗಿಲಲ್ಲಿದ್ದ ಧೂರವೀರ ಈಗ ಹೊಸ್ತಿಲ ಈಚೆ ನಿಂತಿದ್ದ.

ಬಚ್ಚಲಿನಿಂದ ಬಂದ ನಾಗೇಶನ ಹೆಗಲಿಗೆ ಉದಯಕುಮಾರ ಕೈ ಇಟ್ಟ. ಜನ್ಮದಲ್ಲಿ ಮೊದಲ ಸಲ ವಾದ ಸೋತ ದನಿಯಲ್ಲಿ, "ನಿಂದ ಖರೆ ನಾಗ್ಯಾ," ಎಂದ. "ಇಂವ ತಡಾ ಮಾಡಿ ಬಂದಾವಲ್ಲ."

ಕೈಲಾಸ ಮಾತ್ರ ಹಗುರಾಗಿದ್ದ. ಭಿಕಬಾಳಿ ತಿರುಗಿಸುತ್ತ, "ನನ್ನದು ಹೋತು, ಚಲೋ ಆತು," ಎಂದ. "ನಿಮ್ಮದೂ ಒಂದು ಇತ್ಯರ್ಥ ಆಗ್ಲಿ ಬೀಗರ. ಆಮ್ಯಾಲ ಸಾಖರಪುಡಾ ಮಾಡೂಣು. ಅವಸರ ಏನದ?"

ಯೋಗಿರಾಜ ನಾಗಣಸೂರಕ್ಕೆ ಫೋನು ಹಚ್ಚಿದ. ಈ ಸಲ ಎಂಗೇಜ್ ಇರಲಿಲ್ಲ.

"ಅತ್ತ್ಯಾ, ನಾ ಯೋಗಿರಾಜ... ನಾ ಸತ್ತೀನಿ. ಒಂದೀಟು ಅಳವಾ."

ಆಚೆ ಕೂಗಿ ಕೂಗಿ ಒಡೆದ ಗಂಟಲು.

"ಮೂಳ, ನೀ ಅದಿ ಅಂತ ಉಜ್ವಲಾ ನನಗ ಆಗಲೇ ಹೇಳ್ಯಾಳ. ಮುಂಜಾನಿಂದ ಅತ್ತು ಅತ್ತು ನನ್ನ ಧ್ವನಿ ಹೋಗ್ಯದ, ಉಪವಾಸ ಬಿದ್ದೀನಿ, ಊರ ಮಂದಿ ಮುಂದ ನಗೀಗೀಡಾಗೀನಿ. ಕೇಳ್ಕೊ ಯೋಗ್ಯಾ. ಇನ್ನ ನೀ ಖರೇ ಸತ್ತರೂ ನಾ ಅಳಾಕಿ ಅಲ್ಲ. ನಾ ಅಷ್ಟ ಅಲ್ಲ, ಯಾರೂ ಅಳೂದಿಲ್ಲ."

ಫೋನು ಕಟ್ಟಾಯಿತು. ಪಡಸಾಲೆಯ ನೆಲದಲ್ಲಿ ಹತ್ತಿ ಎಣ್ಣೆಯ ವಾಸನೆಯ ಹೊಗೆ ಮೆಲ್ಲಗೆ ಹರಡತೊಡಗಿತ್ತು. ಕೈಲಾಸನ ಹೆಂಡತಿ ಒಲೆ ನೋಡಲು ಒಳಗೆ ಓಡಿದಳು.

ಒಲೆ ಹಚ್ಚಿರಲೇ ಇಲ್ಲ.