ಮದುವಿ ಸಿನಿಮಾಕ್ಕ ಬೇಕಾದ ಸಾಮಾನು

ನಗಬಾರದ ಮನೆಗಳಲ್ಲೇ ನನಗೆ ನಗು ಬಂದದ್ದು ಹೆಚ್ಚು. ಎಪ್ಪತ್ತರ ದಶಕದಲ್ಲಿ ಅಣ್ಣಿಗೇರಿಯಲ್ಲಿ ನನ್ನದೊಂದು ಫೋಟೋ ಅಂಗಡಿ ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ಫೋಟೋ ನೆನಪಾಗುತ್ತಿದ್ದುದು ಯಾರಾದರೂ ತೀರಿಕೊಂಡಾಗ. ಹೆಣಕ್ಕೆ ವಿಭೂತಿ ಹಚ್ಚಿ, ಹೂವು ಏರಿಸಿ, ಗೋಡೆಗೆ ಆನಿಸಿ ಕೂರಿಸುತ್ತಿದ್ದರು. ಮನೆಮಂದಿ ಸುತ್ತ ನಿಲ್ಲುತ್ತಿದ್ದರು. ಸೈಕಲ್ಲಿಗೆ ಕ್ಯಾಮೆರಾ ಚೀಲ ಕಟ್ಟಿಕೊಂಡು ನಾನು ಊರು ಹೊಕ್ಕರೆ ಸಾಕು, ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದರು: "ಯಾರು ಹೋದ್ರಿ?"

ಅದು ಸಾಕಾಗಿತ್ತು. ಓಡಾಡುವ ಮಂದಿಯನ್ನು ತೆಗೆಯಬೇಕು ಅನ್ನಿಸಿ, ಮುಂಬಯಿಯಲ್ಲಿದ್ದ ಸೋದರಮಾವನಿಂದ ಹಳೆಯದೊಂದು ಸಿನಿಮಾ ಕ್ಯಾಮೆರಾ ತರಿಸಿದೆ. ಮೊದಲ ಕೆಲಸ ಕುಬಿಹಾಳದಲ್ಲಿ ಒಂದು ಮದುವೆ.

ಕ್ಯಾಮೆರಾ

ಗಡಿಯಾರದಂತೆ ಚಾವಿ ಕೊಟ್ಟರೆ ಅರ್ಧ ನಿಮಿಷ ಓಡುವ ಕ್ಯಾಮೆರಾ. ಮಾತಿಲ್ಲ, ಬಣ್ಣವಿಲ್ಲ. ಹಂದರದಲ್ಲಿ ಹೆಣ್ಣಿನ ಕಡೆಯವರನ್ನೆಲ್ಲ ನಿಲ್ಲಿಸಿ ಗುಂಡಿ ಒತ್ತಿದೆ. ಎಲ್ಲರೂ ಉಸಿರು ಬಿಗಿಹಿಡಿದು ಕಲ್ಲಾದರು.

"ಅಲುಗಾಡ್ರಿ, ಇದು ಸಿನಿಮಾ ಐತಿ," ಅಂದೆ.

ಮದುಮಗಳು ಒಬ್ಬಳೇ ನಕ್ಕು, ತಲೆ ಅಲ್ಲಾಡಿಸಿದಳು, ಬಾಸಿಂಗ ಜಾರಿತು. ಉಳಿದವರು ಮಿಸುಕಲಿಲ್ಲ. ಅವಳ ಅಜ್ಜಿ ತುಟಿ ಮಾತ್ರ ಆಡಿಸಿ ಗದರಿದಳು: "ಅಲುಗಾಡಿದ್ರ ಫೋಟೋ ಕೆಡತೈತಿ ಅಂತ ನೀನ ಹೇಳಿದ್ದಿ, ತಮ್ಮಾ. ನಮ್ಮ ಯಜಮಾನ್ರು ಹೋದಾಗ."

"ಆವಾಗ ಹೇಳಿದ್ದೆ, ಖರೆ."

"ಅವತ್ತು ನಾವೆಲ್ಲಾ ಅತ್ತು ಅತ್ತು ಅಲುಗಾಡಿದಿವಿ. ಅವರೊಬ್ಬರ ನಿನ್ನ ಮಾತು ಕೇಳಿದ್ರು."

ಮೂರು ಕಾಲಿನ ಸ್ಟ್ಯಾಂಡು

ಕೈಯಲ್ಲಿ ಹಿಡಿದರೆ ಚಿತ್ರ ನಡುಗುತ್ತದೆಂದು ಒಂದು ಸ್ಟ್ಯಾಂಡು ಒಯ್ದಿದ್ದೆ. ದಿಬ್ಬಣ ಬರುವ ಹಾದಿಯಲ್ಲಿ, ಹೊಲದ ಬದುವಿನ ಮೇಲೆ ಅದನ್ನು ಹೂಡಿದೆ. ಆ ಹೊಲದ ಮುದುಕ ಓಡಿಬಂದು ಕ್ಯಾಮೆರಾದ ಮುಂದೆಯೇ ಕೂತುಬಿಟ್ಟ. ಸರಕಾರದವರು ರಸ್ತೆ ಅಳೆಯಲು ಬಂದಿದ್ದಾರೆಂದು ತಿಳಿದಿದ್ದ.

"ರಸ್ತೆ ಆ ಬಾಜೂಕ ಸರಸ್ರಿ, ಸಾಹೇಬ್ರ. ಬನ್ನೀ ಗಿಡದ ಕೆಳಗ ನನ್ನ ಹೇಣ್ತಿ ಅದಾಳ."

ನೋಡಿದೆ. ಗಿಡದ ಕೆಳಗೆ ಸಮಾಧಿಯ ಒಂದು ಸಣ್ಣ ಗದ್ದುಗೆ, ಅದರ ಮೇಲೆ ಬಾಡಿದ ಬಿಲ್ವಪತ್ರಿ. ಇದು ರಸ್ತೆಯದಲ್ಲ, ಸಿನಿಮಾದ್ದು ಎಂದು ತಿಳಿಸಿ ಹೇಳಿದೆ. ಮುದುಕ ಎದ್ದು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಹಂಗಾದ್ರ ನಮ್ಮಿಬ್ರದೂ ಒಂದು ತಗೀರಿ. ಅಕೀದು ಒಂದೂ ಇಲ್ಲ."

ಗದ್ದುಗೆಯ ಪಕ್ಕದಲ್ಲಿ ನಿಂತ. ನಾನು ಚಾವಿ ಕೊಟ್ಟೆ. ಗುಂಡಿ ಒತ್ತುವಷ್ಟರಲ್ಲಿ ಒಂದು ಹೆಜ್ಜೆ ಆಚೆ ಸರಿದ. ಅಲ್ಲೇ ನಿಲ್ಲಜ್ಜಾ, ಯಾಕೆ ಸರಿದೆ ಎಂದೆ.

"ಅಕೀಗೂ ಜಾಗಾ ಬೇಕಲ್ರಿ. ದಪ್ಪ ಇದ್ಲು."

ದೀಪ

ಮನೆಯೊಳಗೆ ತೆಗೆಯಲು ಬೆಳಕು ಸಾಲದೆಂದು ದೊಡ್ಡದೊಂದು ಬಲ್ಬು ಇಟ್ಟಿದ್ದೆ. ಹಚ್ಚಿದರೆ ಹತ್ತಿರ ನಿಂತವರ ಮುಖ ಸುಡುವಂಥದ್ದು. ಮಗಳನ್ನು ಕಳಿಸುವ ಹೊತ್ತಿಗೆ ಅವಳ ಅಪ್ಪ ಪಡಸಾಲೆಯ ಮೂಲೆಯಲ್ಲಿ ಜೋಳದ ಚೀಲಗಳಿಗೆ ಒರಗಿ ಅಳುತ್ತಿದ್ದ. ಊರಲ್ಲಿ ದೊಡ್ಡ ದನಿಯ ಮನುಷ್ಯ ಅವನು. ಅಳುವಾಗ ಮಾತ್ರ ಸಪ್ಪಳವೇ ಇರಲಿಲ್ಲ.

ದೀಪ ಹಚ್ಚಿದೆ. ಅವನು ತಟ್ಟನೆ ಕಣ್ಣೊರೆಸಿಕೊಂಡು, ಮೀಸೆ ತೀಡಿ, ನೆಟ್ಟಗೆ ಕೂತ. ಆರಿಸಿದೆ. ಮತ್ತೆ ಅಳತೊಡಗಿದ. ಅವನಿಗೆ ಗೊತ್ತಾಗದಂತೆ ತೆಗೆಯಬೇಕೆಂದು ಇನ್ನೊಮ್ಮೆ ಹಚ್ಚಿದೆ. ಮತ್ತೆ ಮೀಸೆ ತೀಡಿದ.

ಕಡೆಗೆ ಕೈ ಮುಗಿದ: "ಮಾರಾಯಾ, ಅದನ್ನ ಆರಸು. ನಂದು ಅಳೂದು ಇನ್ನಾ ಮುಗದಿಲ್ಲ."

ಬಿಳೀ ಪರದೆ

ವರ್ಷ ತುಂಬುವುದರೊಳಗೆ ಆ ಹುಡುಗಿ ಚೊಚ್ಚಲ ಹೆರಿಗೆಯಲ್ಲಿ ಹೋದಳು. ಕೂಸೂ ಉಳಿಯಲಿಲ್ಲ. ಈ ಸಲ ಫೋಟೋಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಕೆಲವು ತಿಂಗಳ ಮೇಲೆ ಅವಳ ಅವ್ವ ಹೇಳಿ ಕಳಿಸಿದಳು: ಆ ಸಿನಿಮಾ ತರಬೇಕಂತೆ.

ಪ್ರೊಜೆಕ್ಟರ್ ಒಯ್ದೆ. ಪರದೆಗೆಂದು ಅಪ್ಪ ತನ್ನ ಮಡಿ ಧೋತರ ಕೊಟ್ಟ. ಹಾಡಹಗಲು. ಬಾಗಿಲು ಮುಚ್ಚಿ, ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದೆವು. ಧೋತರದ ಮೇಲೆ ಹುಡುಗಿ ಮನೆಯಿಂದ ಹೊರಬಂದಳು, ಹಿರಿಯರ ಕಾಲಿಗೆ ಬಿದ್ದಳು. ಅವರು ಅಕ್ಕಿಕಾಳು ಹಾಕಿದರು. ಅವಳು ಅಳುತ್ತ ಚಕ್ಕಡಿ ಹತ್ತಿದಳು. ಚಕ್ಕಡಿ ಹಾದಿ ತಿರುಗಿ ಮರೆಯಾಯಿತು.

"ಇನ್ನೊಮ್ಮೆ ಹಾಕ್ರಿ," ಅವ್ವ ಅಂದಳು.

ಇನ್ನೊಮ್ಮೆ ಹಾಕಬೇಕಾದರೆ ಸುರುಳಿಯನ್ನು ಹಿಂದಕ್ಕೆ ಓಡಿಸಬೇಕು. ಗಡಿಬಿಡಿಯಲ್ಲಿ ಪ್ರೊಜೆಕ್ಟರಿನ ದೀಪ ಆರಿಸದೆ ಓಡಿಸಿಬಿಟ್ಟೆ. ಚಕ್ಕಡಿ ಹಿಂದೆ ಹಿಂದೆ ಬರತೊಡಗಿತು. ಎತ್ತುಗಳು ಬಾಲ ಮುಂದು ಮಾಡಿ ನಡೆದವು. ಹುಡುಗಿಯ ಮೇಲಿನ ಅಕ್ಕಿಕಾಳೆಲ್ಲ ಹಾರಿ ಹಿರಿಯರ ಮುಷ್ಟಿ ಸೇರಿತು. ಮೊದಲು ನಕ್ಕವನು ಅಪ್ಪ.

"ಎತ್ತಿಗೆ ಇದನ್ನ ಯಾರು ಕಲಿಸಿದ್ರಲೇ!" ಅಂದ. ಅವನ ನಗುವಿಗೆ ಅಜ್ಜಿ ನಕ್ಕಳು, ನಾನೂ ನಕ್ಕೆ. ಕಣ್ಣೀರು ಒರೆಸಿಕೊಳ್ಳುತ್ತ ಅವ್ವನೂ ನಕ್ಕಳು. ಹುಡುಗಿ ಹಿಂದೆ ಹಿಂದೆ ನಡೆಯುತ್ತ ಹೊಸ್ತಿಲು ದಾಟಿ ಮನೆಯೊಳಗೆ ಹೋದಳು.

"ಬಂದ್ ಮಾಡ್ರಿ," ಅವ್ವ ಅಂದಳು.

ಮಾಡಿದೆ. ಕತ್ತಲೆಯಾಯಿತು. ಬೆಳಕು ಬರಲೆಂದು ಅಪ್ಪ ಬಾಗಿಲ ಕಡೆ ಹೋಗಿ ಅಗಳಿಗೆ ಕೈ ಹಾಕಿದ.

"ಅಲ್ಲೇ ನಿಂದರ್ರಿ," ಅಂದಳು ಅವ್ವ. ದನಿಯಲ್ಲಿ ನಗು ಇನ್ನೂ ಇತ್ತು. "ಈಗಷ್ಟ ಒಳಗ ಬಂದಾಳ. ಇಷ್ಟ ಲಗೂ ಬಾಗಲಾ ತಗೀಬ್ಯಾಡ್ರಿ."